ಬೇವಿನ ಗಿಡದ ಕೆಳಗಿನ ಭಾಷಣ

ನೀಲಗಂಗಾ ಟೀಚರ ಶಾಲೆಗೆ ಒಂದೇ ಕೋಣೆ, ಅದರಲ್ಲೇ ಮೂರು ತರಗತಿ. ಒಂದು ದಿನ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದು ಟ್ಯಾಬ್ ಕೈಗಿತ್ತರು.

"ಪ್ರತಿ ಹುಡುಗನ ಓದು ಇದರಾಗ ರೆಕಾರ್ಡ್ ಆಗಬೇಕು. ಸಂಜೀಕ ನಾನೇ ಕೇಳ್ತೀನಿ. ಗದ್ದಲ ಕೇಳಿಸಿದ್ರ ನೋಟಿಸ್!"

ಸಂತೆಯಂತಿದ್ದ ಕೋಣೆಯನ್ನೊಮ್ಮೆ ನೋಡಿ ಟೀಚರು ಕೈಮುಗಿದರು. "ಆಗ್ಲಿರಿ ಸರ್. ಅಲ್ಲೀತನಕ ಬೇವಿನ ಗಿಡದ ಬುಡಕ ಹುಡುಗರಿಗೆ ನಾಲ್ಕು ಬುದ್ಧಿಮಾತು ಹೇಳ್ರಿ. ನಿಮ್ಮಂಥವರು ದಿನಾ ಬರ್ತಾರೇನ್ರಿ?"

ಸಾಹೇಬರು ಉಬ್ಬಿದರು. ಶಿಸ್ತಿನ ಮೇಲೆ ಶುರುವಾದ ಭಾಷಣ ನಿಲ್ಲಲೇ ಇಲ್ಲ. ಖಾಲಿಯಾದ ಕೋಣೆಗೆ ಟೀಚರು ಒಬ್ಬೊಬ್ಬರನ್ನೇ ಕರೆದು ಓದಿಸಿದರು. ಪುಸ್ತಕ ಕಂಡರೆ ಓಟ ಕೀಳುತ್ತಿದ್ದ ಯಮನೂರಿಯೂ "ಮುಂದಿನ ಪಾಳಿ ನಂದ್ರೀ!" ಎಂದು ಓಡಿಬಂದ.

ಸಂಜೆ ರೆಕಾರ್ಡ್ ಕೇಳಿ ಸಾಹೇಬರು ಬೆರಗಾದರು. "ಇವರಿಗೆ ಇಷ್ಟು ಓದೋ ಹುಚ್ಚು ಹೆಂಗ ಹಿಡಿಸಿದ್ರಿ?"

"ನಂದೇನೈತ್ರಿ ಸರ್? ನಿಮ್ಮ ಭಾಷಣ ಕೇಳಿದವರೆಲ್ಲಾ ತಾವಾಗೇ ಓದಾಕ ಓಡಿಬಂದ್ರು."

ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.