ಹಾರದ ಗುಂಡು

"ಗುರುಗಳೇ, ಆರಿದ ಸಿಟ್ಟಿಗೆ ಇನ್ನೆಷ್ಟು ದಿನ ಕಾವಲು ಕೂರಬೇಕು?" ಎಂದು ಮಡಿವಾಳಯ್ಯ ಕೇಳಿದ.

ಅವನು ಅಣ್ಣನೊಂದಿಗೆ ಮನಸ್ತಾಪವಾಗಿ ಮಠ ಸೇರಿದವನು. ತಾಯಿ ತೀರಿಕೊಂಡಾಗ ಅಣ್ಣ ಇವನಿಗೆ ಹೇಳಿ ಕಳಿಸಿರಲಿಲ್ಲ. ಇವನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಈಗ ಆ ಅಣ್ಣನ ಮಗಳ ಮದುವೆಗೆ ಕರೆ ಬಂದಿತ್ತು.

"ಅವತ್ತು ಮೈಯೆಲ್ಲ ಉರಿದಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಅಂದುಕೊಂಡು ತುಟಿ ಬಿಚ್ಚದೆ ಬಂದೆ. ಈಗ ಏನೂ ಉಳಿದಿಲ್ಲ. ನಾಳೆ ಹೋಗಿ ನಾಲ್ಕು ಅಕ್ಕಿಕಾಳು ಹಾಕಿ ಬರುತ್ತೇನೆ. ತಪ್ಪು ಯಾರದೆಂದು ಬಂಧುಗಳ ಮುಂದೆ ಅಣ್ಣನಿಗೆ ಒಂದೇ ಒಂದು ಮಾತು ಹೇಳುತ್ತೇನೆ. ಅದೂ ನಗುನಗುತ್ತ."

"ಆರಿಯೇ ಹೋಯಿತು ಅನ್ನು. ಕೂತುಕೋ, ಮದುವೆ ನಾಳೆಗೆ ತಾನೇ" ಎಂದು ಗುರುಗಳು ಕತೆ ಶುರುಮಾಡಿದರು.

ಜಪಾನ್ ದೇಶದಲ್ಲಿ ಸಮುರಾಯ್‌ಗಳ ಕಾಲ. ಅಲ್ಲಿ ಕೋವಿವಿದ್ಯೆ ಕಲಿಸುವ ಒಬ್ಬ ಗುರುವಿದ್ದ. ಹೆಸರು ಇಸೊಗಾಯ್. ಪ್ರಾಯದಲ್ಲಿ ಒಂದು ಕೋಟೆಯ ಮುತ್ತಿಗೆಯಲ್ಲಿ ಕಾದಿದ್ದ. ಆಮೇಲೆ ದೇಶದಲ್ಲಿ ಯುದ್ಧವೇ ನಿಂತುಹೋಯಿತು. ಉಳಿದ ಆಯುಷ್ಯವನ್ನೆಲ್ಲ ಮಣ್ಣಿನ ದಿಬ್ಬಕ್ಕೆ ಗುಂಡು ಹೊಡೆಯುವುದನ್ನು ಕಲಿಸುತ್ತ ಕಳೆದ.

ಆ ಕಾಲದ ಕೋವಿ ಈಗಿನದರ ಹಾಗಲ್ಲ. ಉರಿಯುವ ಹುರಿಯೊಂದು ಹೊರಗಿನ ಪುಟ್ಟ ಬಟ್ಟಲಿನ ಮದ್ದಿಗೆ ತಾಗಬೇಕು. ಅದು ಭುಗ್ಗೆಂದು ಹೊತ್ತಿ, ಸಣ್ಣ ತೂತಿನಿಂದ ಬೆಂಕಿ ಕೊಳವೆಯೊಳಗೆ ಇಳಿಯಬೇಕು. ಆಗ ಗುಂಡು ಹಾರುತ್ತದೆ. ಒಳಗಿನ ಮದ್ದಿಗೆ ತೇವ ತಾಗಿದ್ದರೆ ಹೊರಗೆ ಭುಗ್ಗೆನ್ನುತ್ತದೆ, ಒಳಗೆ ಸದ್ದಿಲ್ಲ.

ಹಾಗಾದಾಗ ಇಸೊಗಾಯ್‌ನದೊಂದು ಕಟ್ಟಳೆ. ಶಿಷ್ಯ ಕೋವಿಯನ್ನು ದಿಬ್ಬದ ಕಡೆಗೇ ಹಿಡಿದು ನಿಂತಿರಬೇಕು. ಗುರು ಬಂದು ಭುಜ ಮುಟ್ಟುವವರೆಗೆ ಅಲುಗುವಂತಿಲ್ಲ. ಮುದುಕನೋ, ಚಹಾ ಕುಡಿದು, ಬಟ್ಟಲು ತೊಳೆದಿಟ್ಟು ಆಮೇಲೆ ಏಳುವವನು. ಶಿಷ್ಯರ ತೋಳು ಬಿದ್ದುಹೋಗುತ್ತಿತ್ತು. "ಗುರಿಯಿಡುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಹಾರದ ಗುಂಡಿನ ಜೊತೆ ನಿಲ್ಲುವುದಕ್ಕೆ ನನ್ನ ಹತ್ತಿರ ಬನ್ನಿ" ಎನ್ನುತ್ತಿದ್ದ. ಅಜ್ಜನಿಗೆ ಅರಳುಮರಳು ಎಂದು ಶಿಷ್ಯರು ಹಿಂದಿನಿಂದ ನಗುತ್ತಿದ್ದರು.

ಅವರಲ್ಲಿ ತೊಮೊನೊಶಿನ್ ಎಂಬವನು ಎಲ್ಲರಿಗಿಂತ ಮೇಲು. ಇಸೊಗಾಯ್‌ಗೆ ಮಕ್ಕಳಿರಲಿಲ್ಲ. ತನ್ನ ಪೀಠವನ್ನು ಇವನಿಗೇ ಕೊಡುವುದೆಂದು ಒಂದು ದಿನ ಗೊತ್ತುಮಾಡಿದ. ಊರಿನ ಹಿರಿಯರು ಬಂದು ಕುಳಿತರು. ಅವರ ಮುಂದೆ ಒಂದು ಗುಂಡು ಹೊಡೆದು ತೋರಿಸಿದರೆ ಸಾಕು, ಪೀಠ ಅವನದು. ಗೆಳೆಯ ಸಕುಜಿರೊ ಕೋವಿಗೆ ಮದ್ದು ತುಂಬಿ ಕೊಟ್ಟ. ಇಬ್ಬರೂ ಒಂದೇ ಮಡಕೆಯ ಅನ್ನ ಉಂಡು ಬೆಳೆದವರು.

ಹೊರಗಿನ ಮದ್ದು ಭುಗ್ಗೆಂದಿತು. ಗುಂಡು ಹಾರಲಿಲ್ಲ.

ತೊಮೊನೊಶಿನ್ ಕಟ್ಟಳೆಯಂತೆ ನಿಂತ. ಹಿರಿಯರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ನಾಚಿಕೆಯಿಂದ ತೊಮೊನೊಶಿನ್‌ನ ಮುಖ ಬಿಸಿಯಾಯಿತು. ಕೋವಿ ಸತ್ತಿದೆ, ಇನ್ನು ನಿಂತು ಫಲವೇನು ಎಂದುಕೊಂಡ. ತಪ್ಪು ತನ್ನದಲ್ಲವೆಂದು ಕುಳಿತವರಿಗೆ ತಿಳಿಯಲಿ ಎಂದು ಗೆಳೆಯನ ಕಡೆ ತಿರುಗಿದ. ಕೈಯಲ್ಲಿದ್ದ ಕೋವಿಯೂ ತಿರುಗಿತು.

"ಎಂಥ ಮದ್ದು ತುಂಬಿದೆಯೋ ಸಕುಜಿರೊ" ಎಂದ. ನಗುತ್ತಲೇ ಎಂದ.

ಮುದುಕ ಆಗಲೇ ಓಡಿ ಬಂದಿದ್ದ. ಕೊಳವೆ ಸಕುಜಿರೊನ ಎದೆಗೆ ನೇರವಾಗಿತ್ತು. ಅತ್ತ ತಳ್ಳಿದರೆ ಹಿರಿಯರಿದ್ದರು. ಎರಡೂ ಕೈಯಿಂದ ಹಿಡಿದು ತನ್ನ ಕಡೆಗೇ ಎಳೆದುಕೊಂಡ. ಅಷ್ಟರಲ್ಲಿ ಒಳಗಿನ ಮದ್ದು ಹೊತ್ತಿತು.

ಗೆಳೆಯ ಉಳಿದ. ತೊಮೊನೊಶಿನ್ ಗುರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. "ಬೆಂಕಿ ಆರಿತ್ತು ಗುರುವೇ, ನಾನೇ ನೋಡಿದೆ" ಎಂದ.

"ಆರಿರಲಿಲ್ಲ ಮಗು, ದಾರಿಯಲ್ಲಿತ್ತು" ಎಂದು ಹೇಳಿ ಮುದುಕ ಕಣ್ಣು ಮುಚ್ಚಿದ.

ಗುರುಗಳು ಕತೆ ಮುಗಿಸಿದರು. ಮಡಿವಾಳಯ್ಯ, "ಹಾಗಾದರೆ ನಾನು ಮದುವೆಗೆ ಹೋಗಬಾರದೇ?" ಎಂದ.

ಗುರುಗಳು ಸರಿದು ಅವನ ಎದುರಿಗೇ ಬಂದು ಕುಳಿತರು.

"ಹೋಗಪ್ಪ, ಆದರೆ ಅಣ್ಣನಿಗೆಂದು ಇಟ್ಟುಕೊಂಡಿರುವ ಆ ಒಂದು ಮಾತನ್ನು ನನ್ನ ಮುಖಕ್ಕೆ ಹೇಳಿ ಹೋಗು."