ಕೊಡವಿಳಿಸಿದ ಕೆರೆ

ಹೊನ್ನಗೊಂದಿಯಲ್ಲಿ ಬಸ್ಸಿಳಿದು, ಹುಣಸೆಮರದ ಸಾಲು ಹಿಡಿದು ಪಡುವಣಕ್ಕೆ ಅರ್ಧ ಮೈಲಿ ನಡೆದರೆ ಕೆರೆಯ ಏರಿ ಕಾಣುತ್ತದೆ. ಏರಿಯ ಒಂದು ತುದಿಯಲ್ಲಿ ಈಚೆಗೆ ಯಾರೋ ತಗಡಿನ ಫಲಕ ನಿಲ್ಲಿಸಿ ಅದರ ಮೇಲೆ ‘ಚಿಕ್ಕರಾಯಸಮುದ್ರ’ ಎಂದು ಬರೆಸಿದ್ದಾರೆ. ಹಳೆಯ ಕಾಗದಗಳಲ್ಲಿ ಆ ಹೆಸರು ಇರುವುದು ನಿಜ. ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನಲ್ಲಿ ಒಬ್ಬರೂ ಕೈ ತೋರಿಸುವುದಿಲ್ಲ. ಕೊಡವಿಳಿಸಿದ ಕೆರೆ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಈಗ ಮನೆಯಲ್ಲಿ ಕೂತಿರುವ ನನ್ನ ಬಳಿಗೆ ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಬಂದು, ಇಲ್ಲಿ ಕೊಡ ಇಳಿಸಿದ ಹೆಂಗಸು ಯಾರು, ಆಕೆಯನ್ನು ನೀರು ಕೇಳಿದ ರಾಜಕುಮಾರ ಯಾರು ಎಂದು ವಿಚಾರಿಸುತ್ತಾರೆ. ಕೊಡ ಎಂದ ಕೂಡಲೇ ಒಬ್ಬ ಸುಂದರಿಯನ್ನೂ ಒಬ್ಬ ರಾಜಕುಮಾರನನ್ನೂ ತಂದು ನಿಲ್ಲಿಸುವ ಈ ಚಾಳಿ ಎಲ್ಲಿಂದ ಬಂತೋ ನಾನರಿಯೆ. ಇಲ್ಲಿ ಕೊಡ ಇಳಿಸಿದವನು ಗಂಡಸು, ಅದೂ ಕಲ್ಲು ಒಡೆಯುತ್ತಿದ್ದ ಗಂಡಸು. ರಾಜಕುಮಾರ ಈ ಕಡೆ ಸುಳಿದದ್ದೇ ಇಲ್ಲ.

ಏರಿಯ ನಡುವೆ ತೂಬು ಇದೆ. ಕೆರೆಯ ನೀರು ಏರಿಯ ಅಡಿಯಿಂದ ನುಸುಳಿ ಗದ್ದೆಗಳತ್ತ ಹರಿಯುವ ಕಲ್ಲಿನ ಬಾಯಿಗೆ ನಮ್ಮಲ್ಲಿ ತೂಬು ಎನ್ನುತ್ತಾರೆ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಈ ತೂಬಿನ ಬಾಯಿ ಒಣಗಿ, ಅದರೊಳಗೆ ಹಲ್ಲಿ ಓಡಾಡುವುದು ಕಾಣುತ್ತದೆ. ಆದರೆ ಅದರ ಕೆಳಗೆ ಮೊಳಕ್ಕಿಂತ ಹೆಚ್ಚು ಆಳದ ನೀರು ಅಗಲವಾಗಿ ನಿಂತಿರುತ್ತದೆ, ಗದ್ದೆಗೆ ಅದರ ಒಂದು ಹನಿಯೂ ಹೋಗುವುದಿಲ್ಲ. ಕೆರೆಯ ಕೆಲಸ ಬಲ್ಲವರು ನೋಡಿ, ಕಟ್ಟಿದವನು ತಪ್ಪು ಮಾಡಿದ್ದಾನೆ ಎನ್ನುತ್ತಾರೆ. ತಪ್ಪೇ ಹೌದು. ಅದನ್ನು ಮುಚ್ಚಿಡಲು ನಾನು ಈ ಕಥೆ ಹೇಳುತ್ತಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿಗೆ ಕೆರೆಯೇ ಇರಲಿಲ್ಲವಂತೆ. ಎರಡು ಗುಡ್ಡಗಳ ನಡುವಿನ ಹಳ್ಳ ಮಳೆಗಾಲದಲ್ಲಿ ಅಬ್ಬರಿಸಿ ಹರಿದು ಬೇಸಿಗೆಗೆ ಮರಳಾಗುತ್ತಿತ್ತು. ಅದಕ್ಕೆ ಅಡ್ಡಲಾಗಿ ಏರಿ ಹಾಕಿಸಬೇಕೆಂದು ಊರಗೌಡ ಬೋವಿಗಳ ತಂಡವೊಂದನ್ನು ಕರೆಸಿದ. ಕಲ್ಲು ಮಣ್ಣಿನ ಕೆಲಸ ಎಲ್ಲಿದೆಯೋ ಅಲ್ಲಿಗೆ ಸಂಸಾರ ಸಮೇತ ಹೋಗಿ, ಕೆಲಸ ಮುಗಿದ ಮೇಲೆ ಗುಡಿಸಲು ಕಿತ್ತುಕೊಂಡು ಮುಂದಿನ ಊರಿಗೆ ಹೊರಡುವ ಜನ ಅವರು. ಅವರ ಯಜಮಾನ ಗಿರಿಯಬೋವಿ, ಭಾರಿ ಎತ್ತರದ, ನೀಳ ತೋಳಿನ ಮನುಷ್ಯ. ಯಜಮಾನನ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದಕ್ಕೆ ಒಂದು ಬಿದಿರಿನ ಕೋಲು ಕತ್ತರಿಸಿ, ಅದನ್ನೇ ಒಂದು ಮೊಳವೆಂದು ಇಟ್ಟುಕೊಂಡು ಕೆಲಸವನ್ನೆಲ್ಲ ಅಳೆಯುವುದು ಅವರ ಕ್ರಮ. ಗಿರಿಯಬೋವಿ ಗುಡ್ಡದ ಬಂಡೆಯೊಂದರ ಮೇಲೆ ಗೀಟು ಹಾಕಿ, ಆ ಮಟ್ಟದಿಂದ ಹತ್ತು ಮೊಳ ಕೆಳಗೆ ತೂಬು ಬರಬೇಕೆಂದು ಮಗ ಸಿದ್ದಬೋವಿಗೆ ತೋರಿಸಿಕೊಟ್ಟಿದ್ದ. ಏರಿಯ ಮಣ್ಣು ಅಲ್ಲಲ್ಲಿ ಎದ್ದು, ತೂಬಿಗೆಂದು ಬಿಟ್ಟ ಸಂದು ಇನ್ನೂ ಹಾಗೇ ಇದ್ದಾಗ ಗಿರಿಯಬೋವಿ ಜ್ವರದಿಂದ ತೀರಿಕೊಂಡ. ಯಜಮಾನ ಸತ್ತರೆ ಆತನ ಅಳತೆಗೋಲನ್ನೂ ಆತನ ಜೊತೆ ಮಣ್ಣಿಗೆ ಹಾಕುವುದು ಆ ತಂಡದ ಪದ್ಧತಿಯಾಗಿತ್ತು. ಹಾಗೆಯೇ ಮಾಡಿದರು. ಮಗ ಯಜಮಾನನಾಗಿ ತನ್ನ ಕೈಗೆ ಸರಿಯಾದ ಹೊಸ ಕೋಲು ಕತ್ತರಿಸಿಕೊಂಡ. ಮಳೆ ತಲೆಯ ಮೇಲೆ ಬಂದಿತ್ತು. ದುಃಖ, ಅವಸರ ಎರಡೂ ಇದ್ದವು. ಅಪ್ಪ ಹೇಳಿದ ಹತ್ತು ಮೊಳವನ್ನು ಎರಡು ಸಲ ಅಳೆದು, ಸರಿಯಾಗಿದೆಯೆಂದು ಕೈಮುಗಿದು ತೂಬು ಕೂರಿಸಿದ. ಸಿದ್ದಬೋವಿ ತಾಯಿಯನ್ನು ಹೋಲುವ ಗಿಡ್ಡ ಆಳು. ಅಪ್ಪನ ಮೊಳಕ್ಕೂ ಅವನ ಮೊಳಕ್ಕೂ ಮೂರು ಬೆರಳಿನ ವ್ಯತ್ಯಾಸವಿತ್ತು. ಹತ್ತು ಮೊಳಕ್ಕೆ ಅದು ಮೂವತ್ತು ಬೆರಳಾಗಿ, ತೂಬು ಒಂದು ಮೊಳಕ್ಕಿಂತ ಹೆಚ್ಚೇ ಮೇಲೆ ಕೂತುಬಿಟ್ಟಿತು.

ಇದು ಆಗ ಯಾರಿಗೂ ಗೊತ್ತಾಗಲಿಲ್ಲ. ಕೆರೆ ತುಂಬಿತು, ಊರು ಹಿಗ್ಗಿತು. ಕೆರೆ ಕಟ್ಟಿದವನಿಗೆ ಹೊಲ ಕೊಡುವುದು ಹಿಂದಿನಿಂದ ಬಂದ ನಡಾವಳಿ. ಅದರಂತೆ ಗೌಡ ಏರಿಯ ಕೆಳಗೆ ಸಿದ್ದಬೋವಿಗೆಂದು ಒಂದು ತುಂಡು ಹೊಲ ಗುರುತು ಮಾಡಿದ. ಕೆರೆಯ ಕೆಳಗಿನ ಬಯಲೆಲ್ಲ ನೆಲ್ಲು ನಾಟಿಯಾಯಿತು. ಫಾಲ್ಗುಣದಲ್ಲಿ ತೆನೆ ಹಾಲು ಕಟ್ಟುವ ಹೊತ್ತಿಗೆ ಎಲ್ಲ ಗದ್ದೆಗಳಿಗೂ ಕೊನೆಯ ಸರದಿಯ ನೀರು ಬಿಟ್ಟರು. ಮೇಲಿನಿಂದ ಒಂದೊಂದೇ ಗದ್ದೆ ಕುಡಿಯುತ್ತ ಬಂದು, ಬಯಲಿನ ತುದಿಯ ಒಂದೇ ಒಂದು ಗದ್ದೆ ಉಳಿದಿದೆ ಎನ್ನುವಾಗ ತೂಬಿನಲ್ಲಿ ನೀರು ನಿಂತುಹೋಯಿತು. ಕೆರೆಯಲ್ಲಿ ನೀರಿದೆ, ತೂಬಿನಲ್ಲಿಲ್ಲ. ಆ ತುದಿಯ ಗದ್ದೆ ಗಂಡನನ್ನು ಕಳೆದುಕೊಂಡಿದ್ದ ಕೆಂಚಕ್ಕ ಎಂಬವಳದು. ಅವಳ ನೆಲ್ಲೆಲ್ಲ ಜೊಳ್ಳಾಯಿತು. ಸಿದ್ದಬೋವಿ ಕೆರೆಗಿಳಿದು, ತನ್ನ ಕೋಲು ನೀರಿನಲ್ಲಿ ನಿಲ್ಲಿಸಿ ನೋಡಿದ. ಕೋಲು ಮುಳುಗಿತು. ಅಪ್ಪನ ತೋಳಿನ ಉದ್ದ ಅವನಿಗೆ ನೆನಪಾದದ್ದು ಆಗ. ಮೇಲೆ ಬಂದು ಊರವರ ಮುಂದೆ ನಿಂತು, ತಪ್ಪು ತನ್ನದೆಂದು ಹೇಳಿದ. ತೂಬು ಇಳಿಸಬೇಕಾದರೆ ಏರಿಯನ್ನು ನೆತ್ತಿಯಿಂದ ಬುಡದವರೆಗೆ ಸೀಳಬೇಕು, ಒಂದು ವರ್ಷದ ಬೆಳೆ ಹೋಗುತ್ತದೆ, ಒಮ್ಮೆ ಸೀಳಿದ ಏರಿ ಮೊದಲಿನಂತೆ ಕೂಡುವುದೂ ಇಲ್ಲ. ಆದ್ದರಿಂದ ಗೌಡ ಅದಕ್ಕೆ ಒಪ್ಪಲಿಲ್ಲ. ಎಲ್ಲರೂ ಉಣ್ಣುತ್ತಿದ್ದೇವೆ, ಒಂದು ಗದ್ದೆಗೆ ಸಾಲಲಿಲ್ಲ, ಇರಲಿ ಬಿಡು ಎಂದ. ಊರು ಆ ಮಾತನ್ನು ಅಲ್ಲಿಗೇ ಬಿಟ್ಟಿತು. ಸಿದ್ದಬೋವಿಗೆ ಬಿಡಲಾಗಲಿಲ್ಲ.

ತಂಡ ಮುಂದಿನ ಊರಿಗೆ ಹೊರಟಿತು, ಅವನು ಹೋಗಲಿಲ್ಲ. ಗೌಡ ಕೊಟ್ಟ ಹೊಲಕ್ಕೂ ಕಾಲಿಡಲಿಲ್ಲ, ತಪ್ಪು ಕೆಲಸಕ್ಕೆ ಇನಾಮು ತಿನ್ನಲಾರೆ ಎಂದ. ಏರಿಯ ಬುಡದ ಗುಡಿಸಲಿನಲ್ಲೇ ಹೆಂಡತಿ ಪೆದ್ದಕ್ಕ, ಏಳು ವರ್ಷದ ಮಗಳು ಸುಂಕಿ ಇವರೊಂದಿಗೆ ಉಳಿದ. ಮಳೆಗಾಲ ಚಳಿಗಾಲದಲ್ಲಿ ಒರಳು ಬೀಸುಕಲ್ಲು ಕಡೆದು ಹೊಟ್ಟೆ ಹೊರೆಯುವನು. ಬೇಸಿಗೆಯಲ್ಲಿ ತೂಬು ಬತ್ತಿತೆಂದರೆ ಮಣ್ಣಿನ ದೊಡ್ಡ ಕೊಡ ಹೆಗಲಿಗೇರಿಸಿ, ಕೆರೆಯಲ್ಲಿ ಉಳಿದ ನೀರು ತುಂಬಿ, ಏರಿ ಹತ್ತಿ ಇಳಿದು, ಕೆಂಚಕ್ಕನ ಹೊಲದ ಬಾಯಿಗೆ ಸುರಿಯುವನು. ದಿನಕ್ಕೆ ನಲವತ್ತು ಕೊಡ. ಕೆಂಚಕ್ಕನ ಮುಖ ನೋಡಲಾರದೆ, ಆಕೆ ಹೊಲಕ್ಕೆ ಬರುವ ಮೊದಲೇ ಮುಗಿಸಿ ಬರುವನು. ಮೂರನೆಯ ಬೇಸಿಗೆಗೆ ಆ ಹೊಲದಲ್ಲಿ ನೆಲ್ಲು ಹೋಗಿ ನವಣೆ ಬಂದಿತ್ತು. ಅದನ್ನು ಕಂಡು ಅವನ ಸಂಕಟ ಇನ್ನೂ ಹೆಚ್ಚಾಯಿತು. ಅನ್ನ ಉಣ್ಣುವವಳನ್ನು ನವಣೆಗೆ ಇಳಿಸಿದೆನಲ್ಲ ಎಂದು ಹಣೆ ಚಚ್ಚಿಕೊಂಡು, ಕೊಡಗಳನ್ನು ಅರವತ್ತಕ್ಕೆ ಏರಿಸಿದನಂತೆ. ಕಲ್ಲಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಬೆಳೆಯ ಬಗ್ಗೆ ಗೊತ್ತಿದ್ದುದು ಮಾತ್ರ ಸೊನ್ನೆ. ಹೀಗೆ ಹನ್ನೊಂದು ಬೇಸಿಗೆ ಕಳೆದವು. ಹೆಗಲಿನಲ್ಲಿ ಎತ್ತಿನ ಹೆಗಲಿನಂತೆ ಗಂಟು ಬಿತ್ತು.

ಇಷ್ಟರಲ್ಲಿ ಸುಂಕಿಗೆ ಹದಿನೆಂಟು ತುಂಬಿತು. ಅತ್ತ ತಂಡದ ಜೊತೆಗೂ ಇಲ್ಲ, ಇತ್ತ ಊರಿನಲ್ಲಿ ನೆಲೆಯೂ ಇಲ್ಲ, ಅಂಥ ಮನೆಗೆ ಹೆಣ್ಣು ಕೇಳಿಕೊಂಡು ಬರುವವರು ಯಾರು? ಪೆದ್ದಕ್ಕ ಗಂಡನನ್ನು ಕಂಡು ಮರುಗಿದವಳೇ. ಆದರೆ ಮರುಕಕ್ಕೂ ಒಂದು ಮಿತಿ ಇದೆ. ಪಕ್ಕದ ಊರಿಗೆ ತನ್ನವರ ತಂಡ ಬಂದಿದೆಯೆಂಬ ಸುದ್ದಿ ಕೇಳಿದ ದಿನ ಆಕೆ ಮಾತು ಬಿಗಿಯಾಗಿಯೇ ಆಡಿದಳು.

“ಇಲ್ಲೇ ಇರೋದಾದ್ರೆ ಗೌಡ ಕೊಟ್ಟ ಹೊಲ ತಗಂಡು ಒಂದು ಮನೆ ಕಟ್ಟು. ಹೋಗೋದಾದ್ರೆ ನಮ್ಮೋರ ಜೊತೆ ಹೋಗಾನ. ಎರಡೂ ಆಗಲ್ಲ ಅಂದ್ರೆ ನಾಳೆ ಹೊತ್ತೇರಾದ್ರೊಳಗೆ ನಾನು ಮಗಳನ್ನ ಕರ್ಕಂಡು ಹೊರಟೆ.”

ಮರುದಿನ ಅವನು ಎದ್ದದ್ದು ತಡವಾಯಿತು. ಎದ್ದವನೇ ಕೊಡ ಎತ್ತಿಕೊಂಡ. ಹೆಂಡತಿ ಮಗಳು ಗಂಟು ಕಟ್ಟುತ್ತಿದ್ದುದನ್ನು ನೋಡಿಯೂ ನೋಡದವನಂತೆ ಹೊರಟು, ಇಪ್ಪತ್ತು ಕೊಡ ಹೊತ್ತು ಹಾಕುವಷ್ಟರಲ್ಲಿ ಬಿಸಿಲು ಚೆನ್ನಾಗಿಯೇ ಏರಿತು. ಇಪ್ಪತ್ತೊಂದನೆಯದನ್ನು ಹೊತ್ತು ಹೊಲದ ಬಳಿಗೆ ಬಂದಾಗ ಕೆಂಚಕ್ಕ ಅಲ್ಲಿದ್ದಳು. ಹೊಲದ ಇನ್ನೊಂದು ಮೂಲೆಯಲ್ಲಿ ಬಗ್ಗಿ, ಗುದ್ದಲಿಯಿಂದ ಬದುವಿನಲ್ಲಿ ಸಣ್ಣ ಕಂಡಿ ಬಿಡಿಸುತ್ತಿದ್ದಳು. ಅವನು ಬೆಳಗಿನಿಂದ ಸುರಿದ ನೀರೆಲ್ಲ ಆ ಕಂಡಿಯಿಂದ ಹೊರಬಿದ್ದು ಪಕ್ಕದ ಹಳ್ಳಕ್ಕೆ ಹೋಗುತ್ತಿತ್ತು. ಸಿದ್ದಬೋವಿ ತುಂಬಿದ ಕೊಡ ಹೆಗಲ ಮೇಲಿಟ್ಟುಕೊಂಡೇ ನಿಂತ. ಇದೇನವ್ವಾ ಮಾಡುತ್ತಿದ್ದೀ ಎಂದು ಕೇಳಿದ. ಸಿಕ್ಕಿಬಿದ್ದವಳಂತೆ ಕೆಂಚಕ್ಕ ಮೊದಲು ಸೆರಗು ಸರಿಮಾಡಿಕೊಂಡಳು, ಆಮೇಲೆ ನೆಟ್ಟಗೆ ನಿಂತು ನಿಜ ಹೇಳಿದಳು. ತೆನೆ ಬಲಿಯುವ ಕಾಲದಲ್ಲಿ ನವಣೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊದಲ ಸಲ ನವಣೆ ಹಾಕಿದಾಗ ಈ ನೀರಿನಿಂದಲೇ ಒಂದು ಮೂಲೆ ಹಾಳಾಯಿತು. ಅಂದಿನಿಂದ ಪ್ರತಿ ಬೇಸಿಗೆ, ಅವನು ಸುರಿದು ಹೋದ ಮೇಲೆ ಆಕೆ ಬಂದು ಕಂಡಿ ಬಿಡಿಸಿ, ನೀರು ಬಸಿದ ಮೇಲೆ ಮುಚ್ಚುತ್ತಿದ್ದಳು. ಒಂಬತ್ತು ವರ್ಷದಿಂದ ಅವನು ಹೊರುತ್ತಿದ್ದ, ಅವಳು ಹರಿಸುತ್ತಿದ್ದಳು.

ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ನಮ್ಮ ಊರಿನ ಹಳಬರು ಇಂದಿಗೂ ಅದೇ ಮಾತಿನಲ್ಲಿ ಹೇಳುತ್ತಾರೆ.

“ಮೊದಲು ಹೊರ್ಲಿ ಬಿಡು ಅಂತ ಸುಮ್ನಿದ್ದೆ ಕಣಪ್ಪ, ಹೊಟ್ಟೆ ಉರೀತಿತ್ತು. ಆಮೇಲೆ ಪಾಪ ಅನ್ನಿಸ್ತು, ಹೇಳಾಕೆ ಬಾಯಿ ಬರ್ಲಿಲ್ಲ. ಆ ವರ್ಸ ನನ್ನ ನೆಲ್ಲು ಹೋತು, ನಿಜ. ಅತ್ಕಂಡೆ, ನಿನ್ನ ಬೈದೆ. ಇನ್ನೊಂದು ವರ್ಸವೂ ನೆಲ್ಲೇ ಹಾಕಿ ಕೆಟ್ಟೆ, ಅದು ನನ್ನ ಹಟ. ಮೂರನೇ ವರ್ಸ ನೀರು ಎಷ್ಟು ಬರ್ತೈತೆ ನೋಡಿ ನವಣೆ ಬಿತ್ತಿದೆ, ಉಂಡೆ, ಈಗಲೂ ಉಣ್ತಿದೀನಿ. ಊರೆಲ್ಲ ಆ ವರ್ಸ ದಾಟಿ ಬಂತು. ನೀನೊಬ್ಬನೇ ಅಲ್ಲಿ ನಿಂತಿದೀಯ.”

ಹೆಗಲ ಮೇಲಿನ ನೀರನ್ನು ಎಲ್ಲಿ ಸುರಿಯಬೇಕೆಂಬುದು ಸಿದ್ದಬೋವಿಗೆ ತಿಳಿಯಲಿಲ್ಲ. ಹೊಲಕ್ಕೆ ಅದು ಬೇಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ ತುಂಬಿದ ಕೊಡ ಹೊತ್ತುಕೊಂಡೇ ಹಿಂದಿರುಗಿ ಏರಿ ಹತ್ತಿದ. ಮೇಲೆ ಪೆದ್ದಕ್ಕನೂ ಸುಂಕಿಯೂ ಗಂಟು ಹೊತ್ತು ಹೊರಟು ನಿಂತಿದ್ದರು. ತುಂಬಿದ ಕೊಡದೊಂದಿಗೆ ವಾಪಸು ಬಂದ ಗಂಡನನ್ನು ಕಂಡು ಪೆದ್ದಕ್ಕನಿಗೆ ಗಾಬರಿಯಾಯಿತು. ಬಿಸಿಲಿಗೆ ಬಾಯಾರಿದ್ದ ಸುಂಕಿ, ಅಪ್ಪ ನೀರು ಎಂದಳು. ಆ ಕೊಡದ ನೀರನ್ನು ಮನೆಯವರು ಅದುವರೆಗೆ ಮುಟ್ಟಿದವರಲ್ಲ, ಅದು ಕೆಂಚಕ್ಕನ ಹೊಲದ ಪಾಲಾಗಿತ್ತು. ಸಿದ್ದಬೋವಿ ಕೊಡವನ್ನು ಏರಿಯ ಮೇಲೆ ಇಳಿಸಿದ. ಮಗಳಿಗೆ ಬಗ್ಗಿಸಿ ಕುಡಿಸಿದ, ಹೆಂಡತಿಗೆ ಕೊಟ್ಟ, ಉಳಿದದ್ದರಲ್ಲಿ ತಾನೂ ಕುಡಿದು ಮುಖ ತೊಳೆದುಕೊಂಡ. ಕೆಂಚಕ್ಕ ಹೇಳಿದ್ದನ್ನು ಹೆಂಡತಿಗೆ ಹೇಳಹೊರಟವನು, ಒಂಬತ್ತು ವರ್ಷ ಅವಳು ಹರಿಸುತ್ತಿದ್ದಳು ಎನ್ನುವಲ್ಲಿಗೆ ಬಂದು ತಡೆಯಲಾರದೆ ನಕ್ಕುಬಿಟ್ಟ. ಪೆದ್ದಕ್ಕ ಮೊದಲು ಬೆಪ್ಪಾಗಿ ನೋಡಿ ಆಮೇಲೆ ತಾನೂ ನಕ್ಕಳು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು, ಎದೆ ಹಗುರಾಯಿತು.

“ಇನ್ನೂ ಎಷ್ಟು ಕೊಡ ಐತೆ?” ಎಂದು ಪೆದ್ದಕ್ಕ ಕೇಳಿದಳು.

“ಮುಗೀತು,” ಎಂದ ಸಿದ್ದಬೋವಿ. “ಗಂಟು ಬಿಚ್ಚು, ಬುತ್ತಿ ಐತಲ್ಲ, ಉಣ್ಣಾನ.”

ಮೂವರೂ ಅಲ್ಲೇ ಕೂತು ಉಂಡರು. ಆ ಹನ್ನೊಂದು ವರ್ಷ ಅವನು ಒಂದೋ ತೂಬನ್ನು ನೋಡಿದ್ದ, ಇಲ್ಲವೇ ತುದಿಯ ಆ ಒಂದು ಹೊಲವನ್ನು. ಇವೆರಡರ ನಡುವಿನ ಬಯಲನ್ನು ತಲೆಯೆತ್ತಿ ನೋಡಿರಲಿಲ್ಲ. ಅಂದು ಕಣ್ಣಿಟ್ಟು ನೋಡಿದ. ಗದ್ದೆಯ ಮೇಲೆ ಗದ್ದೆ ಹಣ್ಣಾಗಿ ಬಾಗಿ ನಿಂತಿತ್ತು, ಅಲ್ಲಲ್ಲಿ ಕೊಯ್ಲು ಶುರುವಾಗಿತ್ತು, ಬದುಗಳ ಮೇಲೆ ಹೆಂಗಸರು ಬುತ್ತಿ ಹೊತ್ತು ನಡೆದಿದ್ದರು. ಇದೆಲ್ಲ ನಮ್ಮ ಕೆರೆ ನೀರೇನೇ ಎಂದು ಹೆಂಡತಿಯನ್ನು ಕೇಳಿದನಂತೆ. ಮತ್ತೆ ಇನ್ನಾರದು ಎಂದಳಂತೆ ಪೆದ್ದಕ್ಕ. ಹೊತ್ತು ಇಳಿಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ ಎನ್ನುತ್ತಾರೆ.

ಆ ವಾರವೇ ಅವನು ಗೌಡನ ಬಳಿಗೆ ಹೋಗಿ ತನ್ನ ಹೊಲ ಕೇಳಿ ತೆಗೆದುಕೊಂಡ. ಮನೆ ಎದ್ದಿತು. ಮುಂದಿನ ವರ್ಷ ಸುಂಕಿಗೆ ಒಳ್ಳೆಯ ಕಡೆಯಿಂದಲೇ ಗಂಡು ಬಂದು ಮದುವೆಯಾಯಿತು. ಬಿತ್ತನೆಯ ಗಂಧವೂ ಗೊತ್ತಿಲ್ಲದ ಸಿದ್ದಬೋವಿಗೆ ಬೇಸಾಯ ಕಲಿಸಿದವಳು ಕೆಂಚಕ್ಕ. ನೀರು ಸಾಕು, ಹಾಕಬೇಡ ಎಂದು ಅವಳು ಕೊನೆಯವರೆಗೂ ಗದರಿಸುತ್ತಿದ್ದಳಂತೆ. ಮುಂದೆ ಅವನು ಸುತ್ತಲಿನ ಊರುಗಳಲ್ಲಿ ಇನ್ನೂ ನಾಲ್ಕು ಕೆರೆ ಕಟ್ಟಿದ. ಯಜಮಾನನ ಕೋಲನ್ನು ಮಣ್ಣಿಗೆ ಹಾಕುವ ಪದ್ಧತಿಯನ್ನು ತಂಡದವರಿಂದ ಬಿಡಿಸಿದ. ತೂಬು ಎತ್ತರವಾದದ್ದನ್ನು ಅವನು ಯಾವತ್ತೂ ಅಲ್ಲಗಳೆಯಲಿಲ್ಲ. ಕೇಳಿದವರಿಗೆ, ಹೌದು, ನನ್ನ ಕೈ ಗಿಡ್ಡ ಎಂದು ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದ.

ಈಗ ಏರಿಯ ಮೇಲೆ ತೂಬಿಗೆ ನೇರವಾಗಿ ಸೊಂಟದೆತ್ತರದ ಒಂದು ಕಲ್ಲು ಇದೆ. ಸಿದ್ದಬೋವಿಯೇ ಮುಪ್ಪಿನಲ್ಲಿ ಕಡೆದದ್ದು ಎನ್ನುತ್ತಾರೆ. ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಹುಡುಗಿ ಸಾಲಾಗಿ ಕಾಲು ಚಾಚಿ ಕೂತಿದ್ದಾರೆ. ಕೆಲಸ ಅಷ್ಟೇನೂ ನಾಜೂಕಿಲ್ಲ, ಮೂಗು ಸವೆದಿದೆ. ಕೆರೆಯ ಕಡೆಯಿಂದ ಬಂದವರಿಗೆ ಮೂರು ಬೆನ್ನು ಮಾತ್ರ ಕಾಣುತ್ತವೆ, ಮುಖವೆಲ್ಲ ಗದ್ದೆಗಳ ಕಡೆಗಿದೆ. ನೋಡಲು ಬಂದವರು ಮೊದಲು ಬೆನ್ನಿನ ಫೋಟೋ ತೆಗೆಯುತ್ತಾರೆ, ಆಮೇಲೆ ಸುತ್ತಿ ಮುಂದೆ ಬಂದು ಮುಖ ನೋಡುತ್ತಾರೆ, ಇವರು ಏನನ್ನು ನೋಡುತ್ತಿದ್ದಾರೆಂದು ತಿರುಗುತ್ತಾರೆ. ಕಲ್ಲಿನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದೆ, ಅಲ್ಲಿನ ಹಾಸುಗಲ್ಲು ಕೂತು ಕೂತು ನುಣುಪಾಗಿದೆ. ಹೆಚ್ಚಿನವರು ಕೂತೇ ಬಿಡುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಗುತ್ತದೆ.