ಬಾಯಿ ತೆರೆಯದ ಪೈಪು

ನೆಲಕ್ಕಿಳಿದ ಹೆಲಿಕಾಪ್ಟರಿನ ರೆಕ್ಕೆ ಇನ್ನೂ ಗಿರಗಿರನೆ ತಿರುಗುತ್ತಿತ್ತು. ಪೈಲಟ್ ಹಾರಾಟದ ಹಿಡಿಕೆ ಅಲುಗದಂತೆ ಅದಕ್ಕೆ ಟವೆಲು ಬಿಗಿದು ಚಹಾ ಕುಡಿಯಲು ಹೋಗಿದ್ದ.

"ಏಯ್, ಬೇಗ ತುಂಬು!" ಎಂದು ಹೆಲಿಕಾಪ್ಟರು ಇಂಧನದ ಪೈಪಿಗೆ ಗದರಿತು.

ಪೈಪು ಟವೆಲಿನ ಗಂಟನ್ನು ನೋಡಿ ಹೇಳಿತು: "ರೆಕ್ಕೆ ನಿಲ್ಲಲಿ, ಪೈಲಟ್ ಬರಲಿ. ಅಲ್ಲಿಯವರೆಗೆ ನಾನು ಬಾಯಿ ತೆರೆಯುವುದಿಲ್ಲ, ಸ್ವಾಮಿ."

"ನೂರು ಸಲ ಹೀಗೇ ನಿಂತಿದ್ದೇನೆ. ಹೇಡಿ ನೀನು!"

"ಹೇಡಿಯೆಂದೇ ಕರೆಯಿರಿ. ನನ್ನ ಹೊಟ್ಟೆಯಲ್ಲಿರುವುದು ನೀರಲ್ಲ."

ಅಷ್ಟರಲ್ಲಿ ಸುಳಿಗಾಳಿ ಎದ್ದು, ತೆರೆದ ಬಾಗಿಲಿನಿಂದ ನುಗ್ಗಿ ಗಂಟು ಬಿಚ್ಚಿತು; ಹಿಡಿಕೆ ಪಕ್ಕಕ್ಕೆ ಸರಿಯಿತು. ಹೆಲಿಕಾಪ್ಟರು ವಾಲಿತು, ರೆಕ್ಕೆ ನೆಲಕ್ಕೆ ಬಡಿದು ಕಿಡಿ ಹಾರಿತು. ಪೈಪಿನ ಮುಚ್ಚಿದ ಬಾಯಿಗೆ ತಾಕಿದ ಕಿಡಿ, ಸುಡಲು ಏನೂ ಸಿಗದೆ ಆರಿಹೋಯಿತು.

ಮಗ್ಗುಲಾಗಿ ಬಿದ್ದ ಹೆಲಿಕಾಪ್ಟರು ಮೆಲ್ಲಗೆ ಕೇಳಿತು: "ನೀನು ಆಗ ತುಂಬುತ್ತಿದ್ದಿದ್ದರೆ?"

"ಕೇಳಲು ನೀವಿರುತ್ತಿರಲಿಲ್ಲ, ಹೇಳಲು ನಾನಿರುತ್ತಿರಲಿಲ್ಲ."